ಎಲ್ಲ ಮಕ್ಕಳ ತಂದೆ



ಬೀದರ ನಗರದಲ್ಲಿ ಬಾಳುವವರಿಗೆ ವಿಮಾನದ ಸದ್ದು ಹೊಸದಲ್ಲ. ಇಲ್ಲಿಯ ವಾಯುಪಡೆಯ ನೆಲೆಯಲ್ಲಿ ತರುಣರು ಹಾರಾಟ ಕಲಿಯುತ್ತಾರೆ. ಆ ಸದ್ದು ಕೇಳಿದಾಗಲೆಲ್ಲ, ಒಳಗೆ ಕುಳಿತವನು ಯಾವ ತಾಯಿಯ ಮಗನೋ ಎಂದುಕೊಳ್ಳುತ್ತೇನೆ. ಅದರ ಬೆನ್ನಿಗೇ ಮಡಿಕೇರಿಯ ಒಬ್ಬ ತಂದೆಯ ನೆನಪಾಗುತ್ತದೆ. ಅವರು ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪನವರು.

ಕೊಡಗಿನ ಶನಿವಾರಸಂತೆಯಲ್ಲಿ ಜನಿಸಿದ ಕಾರ್ಯಪ್ಪನವರು 1919ರಲ್ಲಿ ಸೇನಾಧಿಕಾರಿಯಾದರು. 1949ರ ಜನವರಿ 15ರಂದು ಭಾರತೀಯ ಸೇನೆಯ ಮಹಾದಂಡನಾಯಕರಾದರು. ಆ ಪದವಿಗೇರಿದ ಮೊದಲ ಭಾರತೀಯರು ಅವರೇ. ಆ ದಿನವನ್ನು ನಾಡು ಇಂದಿಗೂ ಸೇನಾ ದಿನವೆಂದು ಆಚರಿಸುತ್ತದೆ. ಅದಕ್ಕೆ ನಾಲ್ಕು ತಿಂಗಳ ಹಿಂದೆ, 1948ರ ಸೆಪ್ಟೆಂಬರಿನಲ್ಲಿ, ಇದೇ ಸೇನೆ ಹೈದರಾಬಾದ ಸಂಸ್ಥಾನಕ್ಕೆ ಬಂದು ಬೀದರ, ಭಾಲ್ಕಿ, ಔರಾದ ಸೀಮೆಯ ಜನರನ್ನು ರಜಾಕಾರರ ಹಾವಳಿಯಿಂದ ಪಾರುಮಾಡಿತ್ತು. ಹೀಗಾಗಿ ಸೈನಿಕನ ಋಣ ನಮ್ಮ ಭಾಗದ ಮನೆಗಳಿಗೆ ಪುಸ್ತಕದ ಮಾತಲ್ಲ.

ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದರು. ಅವರ ಮಗ ನಂದಾ ವಾಯುಪಡೆಯನ್ನು ಸೇರಿ ವೈಮಾನಿಕರಾದರು. 1965ರ ಯುದ್ಧದ ಕೊನೆಯ ದಿನಗಳಲ್ಲಿ ಅವರ ವಿಮಾನ ಶತ್ರುವಿನ ಗುಂಡಿಗೆ ಸಿಕ್ಕಿತು. ಗಾಯಗೊಂಡ ಅವರು ಪಾಕಿಸ್ತಾನದ ಸೆರೆಯಾಳಾದರು. ಆಗ ಆ ದೇಶದ ಅಧ್ಯಕ್ಷರಾಗಿದ್ದ ಅಯೂಬ್ ಖಾನರು ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ದುಡಿದವರು. ಹಳೆಯ ಅಧಿಕಾರಿಯ ಮೇಲಿನ ಗೌರವದಿಂದ ಅವರು, ಮಗನನ್ನು ಬಿಡುಗಡೆ ಮಾಡಲು ಸಿದ್ಧವೆಂದು ಹೇಳಿ ಕಳಿಸಿದರು.

ತಂದೆಯ ಮನಸ್ಸು ಆಗ ಹೇಗಿದ್ದೀತು! ಒಂದು ಒಪ್ಪಿಗೆಯ ಮಾತು ಸಾಕಿತ್ತು, ಮಗ ಮನೆಗೆ ಬರುತ್ತಿದ್ದ. ಆದರೆ ಕಾರ್ಯಪ್ಪನವರು ಒಪ್ಪಲಿಲ್ಲ. ಸೆರೆಯಲ್ಲಿರುವವರೆಲ್ಲರೂ ತನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿರಿ, ಬಿಡುವುದಾದರೆ ಎಲ್ಲರನ್ನೂ ಬಿಡಿರಿ ಎಂಬುದು ಅವರ ಉತ್ತರದ ತಾತ್ಪರ್ಯ. ಉಳಿದ ಸೆರೆಯಾಳುಗಳಂತೆಯೇ ನಂದಾ ಅವರೂ ದಿನಗಳನ್ನೆಣಿಸಿ 1966ರ ಜನವರಿಯಲ್ಲಿ ಮರಳಿದರು. ಮುಂದೆ ಏರ್ ಮಾರ್ಷಲ್ ಪದವಿಗೇರಿದರು, ತಂದೆಯ ಜೀವನಚರಿತ್ರೆಯನ್ನೂ ಬರೆದರು. ತಂದೆಯ ಕಠಿಣ ನಿರ್ಧಾರವನ್ನು ಮಗ ಮಮತೆಯ ಕೊರತೆಯೆಂದು ತಿಳಿಯಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಸಂಸಾರಿಯಾದವನಿಗೆ ತನ್ನ ಮಕ್ಕಳ ಮೇಲೆ ಮೋಹವಿರುವುದು ತಪ್ಪಲ್ಲ. ಆ ಮೋಹ ನೆರೆಮನೆಯ ಮಗುವಿನ ಪಾಲನ್ನು ಕಸಿದುಕೊಳ್ಳುವಾಗ ಮಾತ್ರ ತಪ್ಪಾಗುತ್ತದೆ. ಇದನ್ನು ಬರೆಯುವ ನಾನೂ ಒಮ್ಮೆ ಮಗನ ನೌಕರಿಗಾಗಿ ಹಿರಿಯರೊಬ್ಬರ ಮನೆಗೆ ಶಿಫಾರಸು ಕೇಳಲು ಹೋಗಿದ್ದೆ. ಅವರ ಪಡಸಾಲೆಯಲ್ಲಿ ಹಳ್ಳಿಯಿಂದ ಬಂದ ಇನ್ನೊಬ್ಬ ತಂದೆ ಪ್ರಮಾಣಪತ್ರಗಳ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ನನ್ನ ಪರಿಚಯದ ಬಲದಿಂದ ನಾನು ಅವರಿಗಿಂತ ಮೊದಲು ಒಳಗೆ ಹೋದೆ. ಅವರ ಮುಖ ಇಂದಿಗೂ ನನ್ನನ್ನು ಬಿಟ್ಟಿಲ್ಲ.

ನಮ್ಮ ನಾಡಿಗೆ ಈ ಪಾಠ ಅಪರಿಚಿತವೂ ಅಲ್ಲ. ಆಗ ಔರಾದ ತಾಲೂಕಿಗೆ ಸೇರಿದ್ದ ಕಮಲನಗರದಲ್ಲಿ ಹುಟ್ಟಿ, ಭಾಲ್ಕಿ ಹಿರೇಮಠದ ಪೀಠವನ್ನೇರಿ, 1999ರಲ್ಲಿ ಲಿಂಗೈಕ್ಯರಾದ ಡಾ. ಚನ್ನಬಸವ ಪಟ್ಟದ್ದೇವರು ಪರರ ಮಕ್ಕಳಿಗೆ ಅನ್ನವಿಕ್ಕಿ, ನಿಜಾಮನ ಕಾಲದಲ್ಲಿಯೇ ಕನ್ನಡ ಅಕ್ಷರ ಕಲಿಸಿದರು. ಒಬ್ಬರು ವಿರಕ್ತರು, ಇನ್ನೊಬ್ಬರು ಯೋಧರು. ದಾರಿ ಬೇರೆಯಾದರೂ ಇಬ್ಬರ ಲೆಕ್ಕದಲ್ಲಿಯೂ ಪರರ ಮಗು ಪರದ್ದಾಗಿರಲಿಲ್ಲ.

1993ರ ಮೇ 15ರಂದು ಕಾರ್ಯಪ್ಪನವರು ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಮನೆಯ ಮಕ್ಕಳಿಗೆ ಅವರ ಯುದ್ಧದ ಕಥೆಗಳನ್ನು ಹೇಳಿರಿ. ಜೊತೆಗೆ ಅವರು ಬೇಡವೆಂದ ಆ ಒಂದು ಉಪಕಾರದ ಕಥೆಯನ್ನೂ ಮರೆಯದೆ ಹೇಳಿರಿ.