ಲೆಕ್ಕದ ಮಾತು: ಪೇಜರ್ ಸಂದೇಶಕ್ಕೂ ರಸೀದಿ ಬೇಕು

ಕೋಲ್ಡ್ ಸ್ಟೋರೇಜ್‌ನ ಫ್ರೀಜರ್ ಬೆಚ್ಚಗಾದರೆ ಕಂಪ್ಯೂಟರ್ ತಾನೇ ಪೇಜರ್‌ಗೆ ಸಂದೇಶ ಕಳಿಸುತ್ತೆ. ಆದರೆ ಸಾಮಾನ್ಯ ಪೇಜರ್ ಬರೀ ರಿಸೀವರ್. ಸಂದೇಶ ಸಿಕ್ಕಿತು ಅಂತ ವಾಪಸ್ ಹೇಳೋಕೆ ಅದಕ್ಕೆ ಬರಲ್ಲ. ನೀವು ನೆಲಮಾಳಿಗೆಯಲ್ಲಿದ್ದು ಸಿಗ್ನಲ್ ಸಿಗದಿದ್ದರೂ ಕಂಪ್ಯೂಟರಿನಲ್ಲಿ ‘ಕಳಿಸಲಾಗಿದೆ’ ಎಂದೇ ದಾಖಲಾಗಿರುತ್ತೆ. ಮಾಲು ಹಾಳಾಗಿ ವಿಚಾರಣೆ ನಡೆದರೆ ಆ ಒಂದು ಸಾಲೇ ನಿಮ್ಮ ಕೆಲಸಕ್ಕೆ ಕುತ್ತು ತಂದೀತು. ಲೆಕ್ಕದಲ್ಲಿ ಚೆಕ್ ಬರೆದ ಮಾತ್ರಕ್ಕೆ ಹಣ ತಲುಪಿತು ಅನ್ನಲ್ಲ; ಇದೂ ಹಾಗೇ.

ಆನ್‌ಕಾಲ್ ಇರೋರು ಪಾಳಿ ಶುರುವಾದಾಗ ಒಂದು ಟೆಸ್ಟ್ ಸಂದೇಶ ಕೇಳಿ ತರಿಸಿಕೊಳ್ಳಿ. ಬಂದ ಹೊತ್ತನ್ನು ಬರೆದಿಡಿ. ಬರದಿದ್ದರೆ ಆಗಲೇ ಸೂಪರ್‌ವೈಸರ್‌ಗೆ ಬರಹದಲ್ಲಿ ತಿಳಿಸಿ. ಹತ್ತು ನಿಮಿಷದಲ್ಲಿ ಯಾರೂ ಫೋನ್ ಮಾಡದಿದ್ದರೆ ಸಂದೇಶ ಇನ್ನೊಬ್ಬರಿಗೆ ಹೋಗುವ ಏರ್ಪಾಡನ್ನೂ ಕೇಳಿ.