ಮಾತನಾಡದ ಕೆಲಸಗಾರನ ಮಾತು ಕೇಳೋಣ

“ನಮ್ಮ ಹುಡುಗರು ಬಹಳ ಒಳ್ಳೆಯವರು, ಒಂದು ದಿನ ಎದುರು ಮಾತಾಡಿದವರಲ್ಲ” ಎಂದು ಹೆಮ್ಮೆಪಡುವ ಮಾಲೀಕರು ನಮ್ಮಲ್ಲಿ ಅನೇಕರಿದ್ದಾರೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಮದುವೆ ಮಾತುಕತೆಗೆ ಸರಿಯಿರಬಹುದು, ಹೋಟೆಲಿನ ಅಡುಗೆಮನೆಗೆ ಸಲ್ಲದು ಎಂಬುದನ್ನು ಅನುಭವದಿಂದ ಕಲಿತೆ.

ನಮ್ಮ ಹೋಟೆಲಿನಲ್ಲಿ ಇಡ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ಒಡಿಶಾದ ಒಬ್ಬ ಯುವಕನಿದ್ದ. ತಾನಾಯಿತು, ತನ್ನ ಕೆಲಸವಾಯಿತು. ಒಂದು ಬೆಳಿಗ್ಗೆ ಒಳಗೆ ಹೋದಾಗ ಅವನು ಮರದ ಮಣೆಯ ಮೇಲೆ ನಿಂತು ಗ್ರೈಂಡರ್ ನಡೆಸುತ್ತಿದ್ದ. “ಮಣೆ ಯಾಕಪ್ಪಾ?” ಎಂದು ಹಿಂದಿಯಲ್ಲಿ ಕೇಳಿದೆ. “ಏನಿಲ್ಲ ಸೇಠ್, ಸ್ವಲ್ಪ ಝುಮ್ ಅನ್ನುತ್ತದೆ” ಎಂದ. ಹದಿನೈದು ದಿನಗಳಿಂದ ಯಂತ್ರ ಶಾಕ್ ಹೊಡೆಯುತ್ತಿತ್ತು! ಎಲೆಕ್ಟ್ರಿಷಿಯನ್ ಬಂದು ನೋಡಿದರೆ ಅರ್ಥಿಂಗ್ ತಂತಿ ಕಳಚಿಹೋಗಿತ್ತು. ಸದಾ ನೀರು ಹರಿಯುವ ಆ ನೆಲದ ಮೇಲೆ ಒಂದು ದಿನ ಮಣೆ ಒದ್ದೆಯಾಗಿದ್ದರೆ, ನಾನು ಅವನ ತಾಯಿಗೆ ಫೋನ್ ಮಾಡಬೇಕಾಗಿತ್ತು.

ಯಾಕೆ ಹೇಳಲಿಲ್ಲ? ಆ ದಿನ ಅವನನ್ನು ಗದರಿದೆ. ರಾತ್ರಿ ಯೋಚಿಸಿದಾಗ ಉತ್ತರ ಸಿಕ್ಕಿತು. ಮೂರು ತಿಂಗಳ ಹಿಂದೆ ಇನ್ನೊಬ್ಬ ಹುಡುಗ ಬಂದು ಮಿಕ್ಸರ್ ಸುಟ್ಟಿದೆ ಎಂದಿದ್ದ. ಎಲ್ಲರೆದುರು ಅವನಿಗೆ ಬೈದು, ಪಗಾರದಲ್ಲಿ ಐನೂರು ರೂಪಾಯಿ ಮುರಿದಿದ್ದೆ. ಆ ಹೊತ್ತಿಗೆ ಈ ಯುವಕ ಮೋರಿಯ ಬಳಿ ನಿಂತು ನೋಡುತ್ತಿದ್ದ. ಸುಮ್ಮನಿರುವುದನ್ನು ಅವನಿಗೆ ಕಲಿಸಿದವನು ನಾನೇ.

ಇದು ಯಂತ್ರದ ವಿಷಯ ಮಾತ್ರವಲ್ಲ. 2011ರ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ವಾಂತಿ ಭೇದಿ, ಕೀವುಗಟ್ಟಿದ ಗಾಯ ಇತ್ಯಾದಿ ಇರುವವರು ಆಹಾರ ಮುಟ್ಟಬಾರದು, ತೊಂದರೆಯನ್ನು ಕೂಡಲೇ ಮಾಲೀಕರಿಗೆ ತಿಳಿಸಬೇಕು. ಆದರೆ ತಿಳಿಸಿದ ದಿನದ ಪಗಾರ ಕಡಿತವಾಗುವುದಾದರೆ ಯಾರು ಬಾಯಿ ಬಿಟ್ಟಾರು? ಬಟ್ಟೆ ಸುತ್ತಿದ ಬೆರಳಿನಿಂದಲೇ ಚಟ್ನಿ ಬಡಿಸುತ್ತಾನೆ. ನಷ್ಟ ಗಿರಾಕಿಗೆ, ಕೆಟ್ಟ ಹೆಸರು ನಮಗೆ.

ಹಾಗೆಂದು ಮೌನವೆಲ್ಲ ದೂರು ಎಂದು ನಾನು ಹೇಳುತ್ತಿಲ್ಲ. ಕೆಲವರ ಸ್ವಭಾವವೇ ಹಾಗೆ. ನಮ್ಮ ದೋಸೆ ಭಟ್ಟರು ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು, ಅವರಷ್ಟು ನೆಮ್ಮದಿಯ ಮನುಷ್ಯ ಮತ್ತೊಬ್ಬರಿಲ್ಲ. ಅಂಥವರನ್ನು ಸಭೆಯಲ್ಲಿ ನಿಲ್ಲಿಸಿ ಮಾತಾಡಿಸುವುದು ಹಿಂಸೆಯೇ ಸರಿ. ಇನ್ನು ಕೆಲವರಿಗೆ ಭಾಷೆಯ ಅಡ್ಡಿ. ಗಲ್ಲಾದಲ್ಲಿ ನಾವು ತುಳು, ಕನ್ನಡ ಮಾತಾಡುತ್ತೇವೆ, ಒಳಗಿರುವವರ ಊರು ಒಡಿಶಾ, ಝಾರ್ಖಂಡ್, ನೇಪಾಳ. ನಾವು ನಕ್ಕರೂ ತನ್ನ ಬಗ್ಗೆಯೇ ಎಂದು ಅವನಿಗೆ ಅನುಮಾನ. ಗಮನಿಸಬೇಕಾದದ್ದು ಬದಲಾವಣೆಯನ್ನು. ಎಲ್ಲರೊಡನೆ ಉಣ್ಣುತ್ತಿದ್ದವನು ಒಬ್ಬನೇ ಕುಳಿತು ಉಂಡರೆ, ಊರಿಗೆ ಫೋನ್ ಮಾಡುವುದನ್ನು ನಿಲ್ಲಿಸಿದರೆ, ಏನೋ ಇದೆ ಎಂದು ತಿಳಿಯಬೇಕು.

ಆ ಘಟನೆಯ ನಂತರ ನಾನು ಪಾಲಿಸುತ್ತಿರುವ ಕ್ರಮ ಇಷ್ಟೇ. ಮಧ್ಯಾಹ್ನದ ಊಟದ ಗಲಾಟೆ ಮುಗಿದ ಮೇಲೆ ದಿನಕ್ಕೊಬ್ಬರನ್ನು ಕರೆದು ಚಹಾ ಕೊಟ್ಟು ಮಾತಾಡಿಸುತ್ತೇನೆ. ಮ್ಯಾನೇಜರ್ ಜೊತೆಗಿರುವುದಿಲ್ಲ. “ಎಲ್ಲ ಸರಿಯಾ?” ಎಂದು ಕೇಳುವುದಿಲ್ಲ, ಅದಕ್ಕೆ “ಹೌದು ಸೇಠ್” ಎಂಬುದೊಂದೇ ಉತ್ತರ. “ಯಾವ ಯಂತ್ರ ತೊಂದರೆ ಕೊಡುತ್ತಿದೆ? ಮಲಗುವ ಜಾಗ ಸೋರುತ್ತಿದೆಯೇ?” ಎಂದು ಕೇಳುತ್ತೇನೆ. ಕೆಟ್ಟಿದ್ದನ್ನು ತಾನಾಗಿ ಬಂದು ಹೇಳಿದವನಿಗೆ ಬೈಗುಳವೂ ಇಲ್ಲ, ಕಡಿತವೂ ಇಲ್ಲ. ಕಾಯಿಲೆ ಎಂದವನಿಗೆ ಅಂದಿನ ಪಗಾರ ಪೂರ್ತಿ. ಜೊತೆಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದ್ದೇನೆ. ಹಾಕಿಸದವರು ದಯವಿಟ್ಟು ಈ ವಾರವೇ ಹಾಕಿಸಿ.

ಇಷ್ಟು ಸಲುಗೆ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ ಎಂದು ಕೆಲವು ಮಿತ್ರರು ನನ್ನನ್ನು ಎಚ್ಚರಿಸಿದ್ದಾರೆ. ಒಂದಿಬ್ಬರು ಸುಳ್ಳು ಕಾಯಿಲೆ ಹೇಳಿದ್ದೂ ನಿಜ. ಆ ನಷ್ಟ ಕೆಲವು ನೂರು ರೂಪಾಯಿಗಳದ್ದು. ಮಣೆಯ ಮೇಲೆ ನಿಂತವನ ಲೆಕ್ಕ ಬೇರೆ.

ಬಂಧುಗಳೇ, ನಮ್ಮಲ್ಲಿ ಎಷ್ಟೋ ಮಂದಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯಿಂದ ಬರಿಗೈಯಲ್ಲಿ ಮುಂಬಯಿಗೆ ಬಂದು, ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರು. ಕೈ ಸುಟ್ಟ ದಿನವೂ ಇನ್‌ಲ್ಯಾಂಡ್ ಪತ್ರದಲ್ಲಿ “ನಾನಿಲ್ಲಿ ಕ್ಷೇಮ” ಎಂದು ಬರೆದವರು. ಅಂದು ನಮ್ಮ ಮೌನದಲ್ಲಿ ಏನಿತ್ತೆಂದು ನಮಗೆ ಗೊತ್ತು. ಇಂದು ನಮ್ಮ ಅಡುಗೆಮನೆಯಲ್ಲಿ ಸುಮ್ಮನೆ ನಿಂತವನ ಮೌನವನ್ನು ನಾವು ಅರಿಯದಿದ್ದರೆ ಮತ್ತಾರು ಅರಿತಾರು?