ಸ್ಮರಣಿಕೆಯ ಮೇಲಿನ ಹೆಬ್ಬೆಟ್ಟು

ಕಿತ್ತೂರು ಉತ್ಸವದ ದಿನಗಳಿರಲಿ, ರಾಮದುರ್ಗದ ಶಾಲೆಯೊಂದರ ವಾರ್ಷಿಕೋತ್ಸವವಿರಲಿ, ಈಗ ಶಾಲು-ಹಾರದ ಹಿಂದೆಯೇ ಅಕ್ರಿಲಿಕ್ ಸ್ಮರಣಿಕೆ ಬರುತ್ತದೆ. ಒಳ್ಳೆಯ ಶೀಟು ನೂರಕ್ಕೆ 92 ಪಾಲು ಬೆಳಕನ್ನು ಹಾಯಗೊಡುತ್ತದೆ. ಮನೆಗೆ ಒಯ್ದು ಕಪಾಟಿನಲ್ಲಿಟ್ಟು ನೋಡಿದರೆ ಮಾತ್ರ ಸಂದಿಯ ಸುತ್ತ ಉಸಿರು ಬಿಟ್ಟಂಥ ಬಿಳಿ ಮಬ್ಬು. ಅದರ ನಡುವೆ ಯಾರದೋ ಹೆಬ್ಬೆಟ್ಟು, ಗೆರೆ ಎಣಿಸುವಷ್ಟು ಸ್ಪಷ್ಟ.

ಅದನ್ನು ಮೂಡಿಸಿದ್ದು ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಸೂಪರ್ ಗ್ಲೂ. ಅದರ ಆವಿ ಬೆರಳಿನ ಪಸೆಯ ಮೇಲೆ ಕೂತು ಬೆಳ್ಳಗೆ ಗಟ್ಟಿಯಾಗುತ್ತದೆ. ವಿಧಿವಿಜ್ಞಾನ ಪ್ರಯೋಗಾಲಯಗಳಲ್ಲಿ ಬೆರಳಚ್ಚು ಎತ್ತುವುದೂ ಇದೇ ಗುಣದಿಂದ. ಕಳ್ಳನನ್ನು ಹಿಡಿಯಲು ಅಡ್ಡಿಯಿಲ್ಲ, ಸತ್ಕಾರಕ್ಕೆ ಬೇಡ.

ಪಳಗಿದವರು ಹಚ್ಚುವುದು ಅಂಟನ್ನೇ ಅಲ್ಲ; ಕ್ಲೋರೋಫಾರ್ಮ್ ಅಥವಾ ಮಿಥಿಲೀನ್ ಕ್ಲೋರೈಡ್. ಎರಡೂ ನೀರಿನಂತೆ ತೆಳು. ತುಂಡುಗಳನ್ನು ಮೊದಲೇ ತಾಗಿಸಿ, ಟೇಪು ಸುತ್ತಿ, ಸಿರಿಂಜಿನ ಸೂಜಿಯನ್ನು ಸಂದಿಯ ಗುಂಟ ಎಳೆದರೆ ಹನಿ ತಾನಾಗಿ ಒಳಗೆ ಹರಿಯುತ್ತದೆ. ಎರಡೂ ಅಂಚು ತುಸು ಕರಗಿ ಬೆರೆಯುತ್ತವೆ; ದ್ರವ ಹಾರಿಹೋದ ಮೇಲೆ ಉಳಿಯುವುದು ಬರೀ ಅಕ್ರಿಲಿಕ್. ಆದರೆ ಇದು ಸಂದು ತುಂಬುವ ಮಾಲಲ್ಲ. ಗರಗಸದ ಗೀರು ಉಳಿದಲ್ಲೆಲ್ಲ ಗುಳ್ಳೆ ಕಾಣುತ್ತದೆ. ಲೇಸರ್‌ನಿಂದ ಕತ್ತರಿಸಿದ ಅಂಚು ಹೊಳೆಯುತ್ತದೆ ನಿಜ, ಒಳಗೆ ಬಿಗುವು ಉಳಿದಿರುತ್ತದೆ. ದ್ರವ ತಾಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಸುಮಾರು 80 ಡಿಗ್ರಿಯಲ್ಲಿ ಕೆಲವು ತಾಸು ಕಾಯಿಸಿ ನಿಧಾನಕ್ಕೆ ಆರಿಸಿದರೆ ಬಿಗುವು ಸಡಿಲುತ್ತದೆ. ಅಷ್ಟು ಪುರುಸೊತ್ತು ಯಾವ ಅಂಗಡಿಗಿದೆ?

ಹವೆಯೂ ಸುಮ್ಮನಿರುವುದಿಲ್ಲ. ಮಲೆನಾಡಿನ ಸೆರಗಿಗಿರುವ ಕಿತ್ತೂರಿನಲ್ಲಿ ಮಳೆ ಹಿಡಿದರೆ, ಹಾರುವ ದ್ರವ ಶೀಟನ್ನು ತಣ್ಣಗೆ ಮಾಡಿ ಗಾಳಿಯ ತೇವವನ್ನು ಸಂದಿಗೆ ಎಳೆಯುತ್ತದೆ, ಮತ್ತೆ ಬಿಳುಪು. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಅದೇ ದ್ರವ ಉದ್ದನೆಯ ಸಂದಿಯ ತುದಿ ಮುಟ್ಟುವುದೇ ಅನುಮಾನ.

ಸವದತ್ತಿಯ ಅಂಗಡಿಯವರೊಬ್ಬರು ಭಂಡಾರದ ಅರಿಶಿನ ತುಂಬಲು ಡಬ್ಬಿ ಮಾಡಿಸಿದರೆನ್ನಿ. ತುಸು ಬಾಯಿ ಬಿಟ್ಟ ಸಂದಿಯನ್ನೂ ಅರಿಶಿನ ಹಳದಿ ಗೆರೆ ಎಳೆದು ತೋರಿಸುತ್ತದೆ. ದಪ್ಪ ಶೀಟಿನ ಇಂಥ ಕೆಲಸಕ್ಕೆ ಎರಡು ಬಾಟಲಿ ಬೆರೆಸುವ ಅಕ್ರಿಲಿಕ್ ಸಿಮೆಂಟು, ಇಲ್ಲವೇ ನೇರಳಾತೀತ ದೀಪಕ್ಕೆ ಗಟ್ಟಿಯಾಗುವ ಅಂಟು ಮೇಲು. ಖರ್ಚು ಹೆಚ್ಚು, ಸಣ್ಣ ಸಂದು ತುಂಬುತ್ತದೆ.

ಇಷ್ಟಾದರೂ ಇದು ಬರೀ ಅಂದದ ಮಾತಲ್ಲ, ಆರೋಗ್ಯದ್ದೂ ಹೌದು. 1847ರಲ್ಲಿ ಎಡಿನ್‌ಬರೋದ ವೈದ್ಯ ಸಿಂಪ್ಸನ್ ಹೆರಿಗೆ ನೋವು ಮರೆಸಲು ಕೊಟ್ಟದ್ದು ಇದೇ ಕ್ಲೋರೋಫಾರ್ಮ್. ಮಿಥಿಲೀನ್ ಕ್ಲೋರೈಡಿನ ಬಹುತೇಕ ಬಳಕೆಗಳನ್ನು ಅಮೆರಿಕ 2024ರಲ್ಲಿ ನಿಷೇಧಿಸಿತು. ಶಟರ್ ಅರ್ಧ ಇಳಿಸಿ ಕೂತ ಹುಡುಗನೊಬ್ಬ ಇವುಗಳ ಆವಿಯನ್ನು ದಿನವಿಡೀ ಕುಡಿಯುತ್ತಾನೆ. ಗಾಳಿಗಿಂತ ಭಾರವಾದ ಆವಿ ನೆಲದ ಮಟ್ಟದಲ್ಲೇ ನಿಲ್ಲುವುದರಿಂದ, ಅದನ್ನು ಹೊರಗೆಳೆಯುವ ಫ್ಯಾನು ಮೇಲೆ ತೂಗಾಡಿದರೆ ಉಪಯೋಗ ಕಡಿಮೆ, ಕೆಳಗೆ ಕೂಡಿಸಬೇಕು. ಆ ಫ್ಯಾನಿನ ಖರ್ಚೂ ಸ್ಮರಣಿಕೆಯ ದರದಲ್ಲಿ ಸೇರಲಿ. ಬೈಲಹೊಂಗಲದಲ್ಲಾಗಲಿ ಬೇರೆಲ್ಲಾಗಲಿ, ಮಧ್ಯಾಹ್ನ ಬಂದು "ಲಗೂನ ಹಚ್ಚಿ ಕೊಡ್ರಿ, ಸಂಜೀಕ ಕಾರ್ಯಕ್ರಮ ಐತಿ" ಎನ್ನುವ ಸಮಿತಿಗಳಿಗೆ ಆ ಹೆಬ್ಬೆಟ್ಟಿನಲ್ಲಿ ಅರ್ಧ ಪಾಲಿದೆ.